ಬೆಂಚ್ ಕಾಯುವವರು ಯಾರು?

ಬ್ಯಾಸ್ಕೆಟ್‌ಬಾಲ್ ರೆಫರಿಗಳ ನಡುವೆ ಒಂದು ಪಾಠ ಬಾಯಿಂದ ಬಾಯಿಗೆ ಸಾಗಿಬಂದಿದೆ. ಸಹಾಯಕ ಕೋಚ್ ಬೆಂಚಿನಿಂದ ಎದ್ದು ನಿಂತರೆ ಕಂಡೂ ಕಾಣದಂತೆ ಇರಬೇಕು. ಎರಡು ಹೆಜ್ಜೆ ಮುಂದೆ ಬಂದರೆ ಮುಖ್ಯ ಕೋಚ್ ಕಡೆ ತಿರುಗಿ ‘ಸ್ವಲ್ಪ ನೋಡ್ಕೊಳ್ಳಿ ಸರ್’ ಅನ್ನಬೇಕು. ಆಟಗಾರರು ಕೈಕೈ ಮಿಲಾಯಿಸಿದಾಗ ಆತ ಕೋರ್ಟಿನೊಳಕ್ಕೆ ಓಡಿಬಂದರೂ ‘ಬಿಡಿಸೋಕೆ ತಾನೇ ಬಂದಿದ್ದು’ ಎಂದು ಬಿಟ್ಟುಬಿಡಬೇಕು. ಹೀಗೆ ಮಾಡುವವರು ಅನುಭವಸ್ಥರು, ಆಟವನ್ನು ‘ಮ್ಯಾನೇಜ್’ ಮಾಡಬಲ್ಲವರು. ಸೀಟಿ ಊದಿ ಟೆಕ್ನಿಕಲ್ ಫೌಲ್ ಕೊಟ್ಟವರು ಪುಸ್ತಕದ ಹುಳುಗಳು, ಪಂದ್ಯದ ರಸ ಕೆಡಿಸಿದವರು.

ಕೋಚುಗಳು ಹೀಗೆ ಹೇಳಿದರೆ ಅರ್ಥವಾಗುತ್ತದೆ, ಅವರಿಗೆ ಅದರಿಂದ ಲಾಭವಿದೆ. ಟಿವಿ ಕಾಮೆಂಟರಿಯವರು ಹೇಳಿದರೂ ಅರ್ಥವಾಗುತ್ತದೆ, ಅವರಿಗೆ ಆಟ ನಿಲ್ಲಬಾರದು. ಆದರೆ ರೆಫರಿಗಳೇ, ಅದರಲ್ಲೂ ಹಿರಿಯ ರೆಫರಿಗಳೇ, ಇದನ್ನು ವಿವೇಕದ ಮಾತೆಂದು ಕಿರಿಯರಿಗೆ ದಾಟಿಸುತ್ತಿದ್ದಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಈ ಉದಾರತೆಯಲ್ಲಿ ವಿವೇಕ ಕಡಿಮೆ, ಮುಲಾಜು ಹೆಚ್ಚು. ಅದಕ್ಕಿಂತ ದೊಡ್ಡ ದೋಷವೆಂದರೆ, ಸಹಾಯಕ ಕೋಚ್ ಎಂಬ ಮನುಷ್ಯ ಬೆಂಚಿನ ಮೇಲೆ ಯಾಕೆ ಕೂತಿದ್ದಾನೆ ಎಂಬುದನ್ನೇ ಅದು ತಪ್ಪು ತಿಳಿದುಕೊಂಡಿದೆ.

ಮೊದಲು, ನಿಯಮಕ್ಕೆ ಕರುಣೆಯಿಲ್ಲ ಎಂಬ ದೂರನ್ನು ನೋಡೋಣ. ಭಾರತದಲ್ಲಿ ನಾವು ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳ ಪ್ರಕಾರ. ಆ ಪುಸ್ತಕದಲ್ಲಿ ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್, ಇಬ್ಬರಲ್ಲಿ ಒಂದು ಹೊತ್ತಿಗೆ ಒಬ್ಬರು, ಆಟ ನಡೆಯುವಾಗಲೂ ನಿಂತಿರಬಹುದು. ಬೆಂಚಿನ ಗೆರೆಯೊಳಗೆ ಇದ್ದುಕೊಂಡು ಆಟಗಾರರಿಗೆ ಕೂಗಿ ಹೇಳಬಹುದು. ಚೆಂಡು ಡೆಡ್ ಆಗಿ ಗಡಿಯಾರ ನಿಂತಾಗ ಮೊದಲ ಸಹಾಯಕ ಸ್ಕೋರರ್ ಟೇಬಲ್‌ಗೆ ಹೋಗಿ ಫೌಲು, ಟೈಮ್‌ಔಟ್‌ಗಳ ಲೆಕ್ಕ ಕೇಳಿಕೊಂಡು ಬರಬಹುದು. ಹೊಡೆದಾಟವೋ, ಹೊಡೆದಾಟಕ್ಕೆ ತಿರುಗಬಹುದಾದ ಸನ್ನಿವೇಶವೋ ಎದುರಾದರೆ ಬೆಂಚಿನಲ್ಲಿರುವ ಯಾರೂ ಅದನ್ನು ಬಿಟ್ಟು ಹೊರಬರುವಂತಿಲ್ಲ, ಬಂದವರು ಡಿಸ್‌ಕ್ವಾಲಿಫೈ. ಆದರೆ ಅಲ್ಲಿಯೂ ಒಂದು ಕಿಂಡಿ ತೆರೆದಿಟ್ಟಿದ್ದಾರೆ: ಮುಖ್ಯ ಕೋಚ್ ಮತ್ತು ಮೊದಲ ಸಹಾಯಕ, ಇವರಿಬ್ಬರು ಮಾತ್ರ, ರೆಫರಿಗಳಿಗೆ ನೆರವಾಗಿ ಶಾಂತಿ ತರುವುದಕ್ಕೆಂದು ಒಳಬರಬಹುದು. ಬಂದು ನೆರವಾಗದಿದ್ದರೆ ಅವರೂ ಹೊರಗೆ. ಆಟಗಾರನಿಗೆ ಪೆಟ್ಟಾಗಿ ತುರ್ತು ಚಿಕಿತ್ಸೆ ಬೇಕೆಂದು ವೈದ್ಯರಿಗೆ ಅನ್ನಿಸಿದರೆ ಅವರು ರೆಫರಿಯ ಅಪ್ಪಣೆಗೂ ಕಾಯಬೇಕಿಲ್ಲ.

ಇಷ್ಟೆಲ್ಲ ಯೋಚಿಸಿ ಬರೆದ ನಿಯಮಕ್ಕೆ ಮನುಷ್ಯತ್ವ ಇಲ್ಲ ಎನ್ನುವವರು ಅದನ್ನು ಓದಿಲ್ಲ ಅಂತಲೇ ಅರ್ಥ. ಎಷ್ಟು ಸಡಿಲಿಸಬೇಕೋ ಅಷ್ಟನ್ನು ಬರೆದವರೇ ಸಡಿಲಿಸಿದ್ದಾರೆ. ಅದರ ಮೇಲೆ ರೆಫರಿ ತನ್ನ ಕಡೆಯಿಂದ ಇನ್ನೊಂದಿಷ್ಟು ಸೇರಿಸಿದರೆ, ಎರಡನೇ ಸಹಾಯಕ, ಫಿಸಿಯೋ, ಮ್ಯಾನೇಜರು, ಅಂಕಿಅಂಶ ಬರೆಯುವ ಹುಡುಗ, ಎಲ್ಲರೂ ಆ ಕಿಂಡಿಯಿಂದಲೇ ನುಗ್ಗುತ್ತಾರೆ.

ಅಮೆರಿಕದ ಹೈಸ್ಕೂಲು ಪಂದ್ಯಗಳ ನಿಯಮ ಇದಕ್ಕಿಂತ ಬಿಗಿ. ಅಲ್ಲಿ ಮುಖ್ಯ ಕೋಚ್‌ಗೆ ಓಡಾಡಲು 28 ಅಡಿ ಉದ್ದದ ಜಾಗವಿದೆ. ಸಹಾಯಕರು ಕೂತಿರಬೇಕು. ಟೈಮ್‌ಔಟ್ ಆದಾಗ, ಗಾಯಾಳುವನ್ನು ನೋಡಲು ರೆಫರಿ ಕರೆದಾಗ ಏಳಬಹುದು. ಒಳ್ಳೆಯ ಬುಟ್ಟಿಯೊಂದು ಬಿದ್ದಾಗ ತಡೆಯಲಾರದೆ ಹಾರಿ ಏಳುವುದಕ್ಕೂ ಅಡ್ಡಿಯಿಲ್ಲ, ತಕ್ಷಣ ಕೂತರೆ ಸಾಕು. ಹಿಗ್ಗಿಗೂ ಜಾಗ ಕೊಟ್ಟ ನಿಯಮ ಅದು.

ಸಡಿಲ ಪಂಥದವರ ನೆಚ್ಚಿನ ಆಧಾರ ಒಂದಿದೆ. ಫಿಬಾದ ಹಿಂದಿನ ನಿಯಮಪುಸ್ತಕಗಳಲ್ಲಿ, ಸಣ್ಣಪುಟ್ಟ ತಾಂತ್ರಿಕ ತಪ್ಪುಗಳನ್ನು ಎಚ್ಚರಿಕೆ ಕೊಟ್ಟು ಬಿಡಬಹುದು, ಕಡೆಗಣಿಸಲೂಬಹುದು ಎಂಬ ಮಾತಿತ್ತು. ಈ ಅರ್ಧವನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಉಳಿದರ್ಧ ಯಾರಿಗೂ ನೆನಪಿರುವುದಿಲ್ಲ: ತಪ್ಪು ಸಣ್ಣದಿರಬೇಕು, ಉದ್ದೇಶಪೂರ್ವಕ ಅಲ್ಲವೆಂಬುದು ಎದ್ದು ಕಾಣಬೇಕು, ಆಟದ ಮೇಲೆ ನೇರ ಪರಿಣಾಮ ಇರಬಾರದು, ಎಚ್ಚರಿಸಿದ ಮೇಲೆ ಮತ್ತೆ ನಡೆಯಬಾರದು. ನಾಲ್ಕನೇ ಕ್ವಾರ್ಟರಿನಲ್ಲಿ ಮುಖ್ಯ ಕೋಚ್ ಒಂದು ತುದಿಯಲ್ಲಿ ನಿಂತು ಆಕ್ರಮಣ ನಡೆಸುತ್ತ, ಸಹಾಯಕ ಇನ್ನೊಂದು ತುದಿಯಲ್ಲಿ ನಿಂತು ರಕ್ಷಣೆಗೆ ಕೂಗುತ್ತಿದ್ದರೆ, ಇದರಲ್ಲಿ ಯಾವ ಷರತ್ತು ಉಳಿಯಿತು? ಅದು ಉದ್ದೇಶಪೂರ್ವಕ, ಮತ್ತೆ ಮತ್ತೆ ನಡೆಯುವಂಥದ್ದು, ಆಟದ ಮೇಲೆ ಪರಿಣಾಮ ಆಗಲಿ ಎಂದೇ ಮಾಡುವಂಥದ್ದು. ಪರಿಣಾಮ ಆಗದಿದ್ದರೆ ಆತ ಗಂಟಲು ಹರಿದುಕೊಳ್ಳುವುದಾದರೂ ಯಾಕೆ?

ನಿಂತು ಕೂಗಿದರೆ ಯಾರಿಗೇನು ನಷ್ಟ ಎಂದು ಕೇಳುವವರಿಗೆ ಫಿಬಾದ ಫೌಲು ಲೆಕ್ಕವನ್ನು ಬಿಡಿಸಿ ಹೇಳಬೇಕು. ಮುಖ್ಯ ಕೋಚ್ ತಾನೇ ಕೆಟ್ಟದಾಗಿ ವರ್ತಿಸಿದರೆ ಸ್ಕೋರ್‌ಶೀಟಿನಲ್ಲಿ ಅವರ ಹೆಸರಿನ ಮುಂದೆ ‘ಸಿ’ ಬೀಳುತ್ತದೆ. ಎರಡು ‘ಸಿ’ ಬಿದ್ದರೆ ಅವರು ಹೊರಗೆ. ಬೆಂಚಿನಲ್ಲಿರುವ ಬೇರೆಯವರು ಹಾಗೆ ವರ್ತಿಸಿದರೆ ಬೀಳುವುದು ‘ಬಿ’. ಅದೂ ಮುಖ್ಯ ಕೋಚ್ ಹೆಸರಿನಲ್ಲೇ, ಆದರೆ ಹೊರಹೋಗಲು ಅಂಥವು ಮೂರು ಬೇಕು, ಅಥವಾ ಮೂರರಲ್ಲಿ ಒಂದು ‘ಸಿ’ ಆಗಿರಬೇಕು. ಅಂದರೆ ರೆಫರಿಯ ಮೇಲೆ ಒತ್ತಡ ಹಾಕುವ ಕೆಲಸವನ್ನು ಸಹಾಯಕನಿಗೆ ವಹಿಸಿದರೆ ಮುಖ್ಯ ಕೋಚ್‌ಗೆ ಅಗ್ಗ. ಇದು ಗೊತ್ತಿರುವ ಕೋಚ್ ತಾನು ಕೈಕಟ್ಟಿ, ಮುಗುಳ್ನಕ್ಕು, ಸಭ್ಯಸ್ಥನಾಗಿ ನಿಂತಿರುತ್ತಾರೆ. ಪಕ್ಕದಲ್ಲಿ ಸಹಾಯಕ ಪ್ರತಿ ಸೀಟಿಗೂ ಕೈ ಮೇಲೆತ್ತಿ ಏಳುತ್ತಾನೆ. ರೆಫರಿಯ ಜೊತೆ ಮಾತಾಡುವ ಹಕ್ಕೇ ನಿಯಮದಲ್ಲಿ ಸಹಾಯಕನಿಗಿಲ್ಲ. ಆದರೆ ಮಾತು ಅವನದ್ದೇ ಜಾಸ್ತಿ. ‘ಆಟ ಮ್ಯಾನೇಜ್ ಮಾಡುವ’ ರೆಫರಿ ಆ ‘ಬಿ’ಯನ್ನೂ ಬರೆಯದೆ ಬಿಟ್ಟರೆ, ಅಗ್ಗವಾಗಿದ್ದುದು ಪುಕ್ಕಟೆ ಆಗುತ್ತದೆ. ಎದುರು ತಂಡದ ಬೆಂಚಿನಲ್ಲಿ ನಿಯಮ ಪಾಲಿಸಿಕೊಂಡು ಕೂತ ಸಹಾಯಕ ಮಾತ್ರ ಪೆದ್ದನಾಗುತ್ತಾನೆ.

ಇಷ್ಟಕ್ಕೂ ಆ ‘ಬಿ’ಯ ಬೆಲೆ ಎಷ್ಟು? ಒಂದು ಫ್ರೀ ಥ್ರೋ. ಅದು ಮುಗಿದ ಮೇಲೆ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಟೆಕ್ನಿಕಲ್ ಕೊಟ್ಟರೆ ಪಂದ್ಯವೇ ತಲೆಕೆಳಗಾಗುತ್ತದೆ ಎಂಬ ಭಯ ಫ್ರೀ ಥ್ರೋ ಜೊತೆಗೆ ಚೆಂಡೂ ಎದುರಾಳಿಗೆ ಹೋಗುತ್ತಿದ್ದ ಕಾಲದ್ದು. ದಂಡ ಹಗುರಾಗಿದೆ, ದಂಡದ ಹೆದರಿಕೆ ಹಾಗೇ ಉಳಿದಿದೆ.

ಮುಖ್ಯ ಕೋಚ್‌ಗೆ ಸದ್ದಿಲ್ಲದೆ ಹೇಳಿ ಮುಗಿಸುವುದು ಸೌಜನ್ಯ ಅನ್ನುತ್ತಾರೆ. ನಾನದನ್ನು ಸೌಜನ್ಯ ಅನ್ನಲಾರೆ. ಮೊದಲಾರ್ಧದಲ್ಲಿ ಒಬ್ಬ ರೆಫರಿ ಕಿವಿಯಲ್ಲಿ ಹೇಳಿದ್ದು ಇನ್ನೊಬ್ಬ ರೆಫರಿಗೆ ಗೊತ್ತಿರುವುದಿಲ್ಲ. ಮೂರನೇ ಕ್ವಾರ್ಟರಿನಲ್ಲಿ ಅವರೂ ಮೊದಲಿನಿಂದ ಹೇಳುತ್ತಾರೆ. ಕೊನೆಗೆ ಯಾರಿಗೋ ತಾಳ್ಮೆ ತಪ್ಪಿ ಟೆಕ್ನಿಕಲ್ ಬಿದ್ದಾಗ ‘ನಮಗೆ ಯಾರೂ ಹೇಳಲೇ ಇಲ್ಲ’ ಎಂದು ಇಡೀ ಬೆಂಚು ಕೂಗುತ್ತದೆ, ಮತ್ತು ಅದು ಸುಳ್ಳೆಂದು ತೋರಿಸಲು ಒಂದು ಚೂರು ಕಾಗದವೂ ಇರುವುದಿಲ್ಲ. ಅಮೆರಿಕದ ಹೈಸ್ಕೂಲು ನಿಯಮ ಇದಕ್ಕೆ ಮದ್ದು ಕಂಡುಕೊಂಡಿದೆ. ಅಲ್ಲಿ ಎಚ್ಚರಿಕೆಯನ್ನು ಸ್ಕೋರ್‌ಬುಕ್ಕಿನಲ್ಲಿ ಬರೆಸಿ, ಮುಖ್ಯ ಕೋಚ್‌ಗೆ ತಿಳಿಸುವ ಕ್ರಮವಿದೆ. ಸುಮ್ಮನಿರುವುದಕ್ಕೂ ಶಿಕ್ಷಿಸುವುದಕ್ಕೂ ನಡುವೆ ಒಂದು ಮೆಟ್ಟಿಲು ಬೇಕು ಎನ್ನುವವರಿಗೆ ಇಗೋ ಮೆಟ್ಟಿಲು. ಆದರೆ ಕಿವಿಮಾತಿನ ಪಂಥದವರಿಗೆ ಅದು ಹಿಡಿಸುವುದಿಲ್ಲ, ಏಕೆಂದರೆ ಬರೆದದ್ದನ್ನು ಆಮೇಲೆ ಮರೆಯಲಾಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಎದ್ದು ನಿಲ್ಲುವ ಸಹಾಯಕನ ವಿಚಾರ. ಅದರಲ್ಲಿ ಕಳೆದುಕೊಳ್ಳುವುದು ಒಂದು ಅಂಕವೋ ಎರಡು ಅಂಕವೋ. ಹೊಡೆದಾಟದ ಹೊತ್ತಿಗೆ ಬೆಂಚ್ ಬಿಡುವ ಸಹಾಯಕನದ್ದು ಬೇರೆ ಕಥೆ.

ಲೆಕ್ಕ ಹಾಕಿ ನೋಡಿ. ಈಗಿನ ಫಿಬಾ ನಿಯಮದಲ್ಲಿ ತಂಡವೊಂದರಲ್ಲಿ 12 ಆಟಗಾರರು, ಒಬ್ಬ ಮುಖ್ಯ ಕೋಚ್, ಸಹಾಯಕರೂ ಸೇರಿ ಹೆಚ್ಚೆಂದರೆ 8 ಮಂದಿ ಸಿಬ್ಬಂದಿ. ಐವರು ಕೋರ್ಟಿನಲ್ಲಿದ್ದರೆ ಬೆಂಚಿನಲ್ಲಿ 16 ಮಂದಿ. ಎರಡು ಕಡೆ ಸೇರಿ 32. ಕೋರ್ಟಿನಲ್ಲಿರುವ ಹತ್ತು ಆಟಗಾರರು ಬೇರೆ. ಇವರೆಲ್ಲರನ್ನೂ ನೋಡಬೇಕಾದವರು ಮೂವರು ರೆಫರಿಗಳು, ನಮ್ಮ ಜಿಲ್ಲಾ ಟೂರ್ನಿಗಳಲ್ಲಾದರೆ ಇಬ್ಬರೇ. ಹೊಡೆದಾಟ ಶುರುವಾದಾಗ ಹತ್ತಿರದ ರೆಫರಿ ನಡುವೆ ಹೋಗಬೇಕು, ಮತ್ತೊಬ್ಬರು ಹಿಂದೆ ಸರಿದು ಬೆಂಚುಗಳ ಮೇಲೆ ಕಣ್ಣಿಟ್ಟು ಯಾರು ಎದ್ದರು, ಯಾವ ನಂಬರು, ಎಲ್ಲಿಯವರೆಗೆ ಬಂದರು ಎಂದು ಗುರುತಿಟ್ಟುಕೊಳ್ಳಬೇಕು. ಈ ಕೆಲಸ ಹತ್ತು ಸೆಕೆಂಡಿನೊಳಗೆ ಆಗಬೇಕಾದದ್ದು. ಅಷ್ಟರಲ್ಲಿ ನಂಬರಿಲ್ಲದ ಟೀ ಶರ್ಟಿನ ಏಳೆಂಟು ದೊಡ್ಡವರು ‘ಬಿಡಿಸಲು’ ನುಗ್ಗಿದರೆ ಹೊಡೆದವನೂ ಬಿಡಿಸಿದವನೂ ಒಂದೇ ರಾಶಿ. ಮೊದಲ ಗುದ್ದು ಕೊಟ್ಟವನು ಗುಂಪಿನಲ್ಲಿ ಗೋವಿಂದ. ಸದುದ್ದೇಶದಿಂದ ಬಂದ ಸಹಾಯಕ ಮಾಡುವ ಮೊದಲ ಕೆಲಸ, ತನಗೇ ಅರಿವಿಲ್ಲದೆ, ರೆಫರಿಯ ಕಣ್ಣಿಗೆ ಅಡ್ಡ ನಿಲ್ಲುವುದು. ದೊಡ್ಡ ಟೂರ್ನಿಗಳಲ್ಲಿ ಆಮೇಲೆ ವಿಡಿಯೋ ನೋಡಿ ಯಾರ್ಯಾರು ಕೈ ಮಾಡಿದರೆಂದು ಗುರುತಿಸಬಹುದು. ಊರಿನ ಸಿಮೆಂಟು ಕೋರ್ಟಿನಲ್ಲಿ ಇರುವುದು ರೆಫರಿಯ ನೆನಪೊಂದೇ.

ಬಿಡಿಸಲು ಹೋದ ದೊಡ್ಡವರಿಂದ ಎಷ್ಟು ಉಪಯೋಗ ಆಗುತ್ತದೆ ಎಂಬುದಕ್ಕೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 1998ರ ಪ್ಲೇಆಫ್‌ನ ದೃಶ್ಯ ಇಂದಿಗೂ ಓಡಾಡುತ್ತಿದೆ. ನ್ಯೂಯಾರ್ಕ್ ನಿಕ್ಸ್ ಮತ್ತು ಮಯಾಮಿ ಹೀಟ್ ನಡುವಿನ ನಾಲ್ಕನೇ ಪಂದ್ಯ. ಅಲೊಂಜೊ ಮೋರ್ನಿಂಗ್ ಮತ್ತು ಲ್ಯಾರಿ ಜಾನ್ಸನ್ ಗುದ್ದಾಟಕ್ಕಿಳಿದರು. ನಿಕ್ಸ್ ಕೋಚ್ ಜೆಫ್ ವಾನ್ ಗಂಡಿ ನಡುವೆ ನುಗ್ಗಿ, ಕೆಳಗೆ ಬಿದ್ದು, ಮೋರ್ನಿಂಗ್ ಅವರ ಕಾಲನ್ನು ತಬ್ಬಿ ಹಿಡಿದರು. ದೈತ್ಯ ಆಟಗಾರ ಕಾಲಿಗೆ ಜೋತುಬಿದ್ದ ಕೋಚನ್ನು ಎಳೆದುಕೊಂಡೇ ಹೆಜ್ಜೆ ಹಾಕಿದರು. ಜಗತ್ತು ನಕ್ಕಿತು. ನಗಲಿ, ಆದರೆ ಒಂದು ಮಾತು ಕೇಳಬೇಕು: ಆ ಕಾಲು ಹಿಡಿದದ್ದರಿಂದ ಏನಾದರೂ ನಿಂತಿತೇ? ಇಬ್ಬರೂ ಆಟಗಾರರಿಗೆ ಅಮಾನತು ತಪ್ಪಲಿಲ್ಲ, ನಿರ್ಣಾಯಕ ಐದನೇ ಪಂದ್ಯದಲ್ಲಿ ಇಬ್ಬರೂ ಇರಲಿಲ್ಲ. ಮುಖ್ಯ ಕೋಚ್‌ಗಾದರೂ ಆಟಗಾರ ಒಂದು ಕ್ಷಣ ಅಂಜಿಯಾನು ಎನ್ನೋಣ. ಎರಡನೇ ಸಹಾಯಕನಿಗೆ ಯಾರು ಅಂಜುತ್ತಾರೆ?

ಹಾಗಾದರೆ ಸಹಾಯಕ ಏನು ಮಾಡಬೇಕು? ಅವನ ನಿಜವಾದ ಕೆಲಸ ಇರುವುದೇ ಅಲ್ಲಿ, ಬೆಂಚಿನ ಎದುರು. ಬೆಂಚಿನಲ್ಲಿ ಏಳು ಮಂದಿ ಆಟಗಾರರು ಕೂತಿದ್ದಾರೆ, ಮೈ ಬಿಸಿಯಾಗಿದೆ, ಗೆಳೆಯನಿಗೆ ಏಟು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಾರೆ. ಅವರು ಗೆರೆ ದಾಟಿದರೆ ಮುಂದಿನ ಪಂದ್ಯಕ್ಕೂ ಕುತ್ತು. ಮುಖ್ಯ ಕೋಚ್ ಒಳಗೆ ಹೋಗಿದ್ದಾರೆ. ಈಗ ಆ ಏಳು ಮಂದಿಯನ್ನು ತಡೆಯುವವರು ಯಾರು? ಸಹಾಯಕನೂ ಒಳಗೆ ಓಡಿದರೆ, ದನ ಕಾಯುವವನು ಹಟ್ಟಿಯ ಬಾಗಿಲು ತೆರೆದಿಟ್ಟು ಬೀದಿಯಲ್ಲಿ ಗುದ್ದಾಡುವ ಹೋರಿಗಳನ್ನು ಬಿಡಿಸಲು ಹೋದಂತೆ ಆಯಿತು.

ಇದು ಊಹೆಯ ಮಾತಲ್ಲ, ಎನ್‌ಬಿಎ ದುಬಾರಿ ಬೆಲೆ ತೆತ್ತು ಕಲಿತದ್ದು. 1993ರ ಮಾರ್ಚ್‌ನಲ್ಲಿ ಫೀನಿಕ್ಸ್‌ನಲ್ಲಿ ನಿಕ್ಸ್ ಮತ್ತು ಸನ್ಸ್ ಹೊಡೆದಾಡಿಕೊಂಡಾಗ ಗಾಯದಿಂದಾಗಿ ಆಡದೆ ಮಾಮೂಲಿ ಬಟ್ಟೆಯಲ್ಲಿ ಕೂತಿದ್ದ ಗ್ರೆಗ್ ಆಂಟನಿ ಬೆಂಚಿನಿಂದ ಓಡಿ ಬಂದು ಕೆವಿನ್ ಜಾನ್ಸನ್‌ಗೆ ಹೊಡೆದರು. ಅಂಥ ಘಟನೆಗಳ ನಂತರ ಬೆಂಚ್ ಬಿಟ್ಟ ಆಟಗಾರನಿಗೆ ಕನಿಷ್ಠ ಒಂದು ಪಂದ್ಯದ ಅಮಾನತು ಎಂಬ ನಿಯಮ ಬಿಗಿಯಾಯಿತು. 1997ರ ಮೇ ತಿಂಗಳಲ್ಲಿ ಅದರ ಬಿಸಿ ನಿಕ್ಸ್‌ಗೇ ತಟ್ಟಿತು. ಮಯಾಮಿ ವಿರುದ್ಧ 3-1 ಮುಂದಿದ್ದ ತಂಡ. ಐದನೇ ಪಂದ್ಯದಲ್ಲಿ ಪಿ.ಜೆ. ಬ್ರೌನ್ ಮತ್ತು ಚಾರ್ಲಿ ವಾರ್ಡ್ ಜಗಳಕ್ಕೆ ಬಿದ್ದರು. ಪ್ಯಾಟ್ರಿಕ್ ಯೂಯಿಂಗ್ ಸೇರಿದಂತೆ ಬೆಂಚಿನಿಂದ ಹೊರಬಂದವರಿಗೆಲ್ಲ ಅಮಾನತು. ನಿಕ್ಸ್‌ನಲ್ಲಿ ವಾರ್ಡ್ ಸೇರಿ ಒಟ್ಟು ಐವರು ಸಿಕ್ಕಿಬಿದ್ದರು, ಅವರನ್ನು ಎರಡು ಪಂದ್ಯಗಳಿಗೆ ಹಂಚಿ ಹೊರಗಿಡಬೇಕಾಯಿತು. ನಿಕ್ಸ್ 4-3ರಲ್ಲಿ ಸೋತಿತು. ಯೂಯಿಂಗ್ ಯಾರಿಗೂ ಹೊಡೆದಿರಲಿಲ್ಲ.

2007ರಲ್ಲಿ ಇನ್ನೂ ಕಹಿ. ಸನ್ಸ್ ಆಡುತ್ತಿದ್ದ ಪ್ಲೇಆಫ್ ಸರಣಿಯಲ್ಲಿ, ಸ್ಯಾನ್ ಆಂಟೋನಿಯೋದಲ್ಲಿ ನಡೆದ ನಾಲ್ಕನೇ ಪಂದ್ಯದ ಕೊನೆಯಲ್ಲಿ ಎದುರಾಳಿ ತಂಡದ ರಾಬರ್ಟ್ ಹಾರಿ ಸನ್ಸ್‌ನ ಸ್ಟೀವ್ ನ್ಯಾಶ್ ಅವರನ್ನು ಸೊಂಟದಿಂದ ಗುದ್ದಿ ಸ್ಕೋರರ್ ಟೇಬಲ್ ಕಡೆ ಬೀಳಿಸಿದರು. ಸನ್ಸ್ ಬೆಂಚಿನಿಂದ ಅಮರೆ ಸ್ಟೌಡಮೈರ್ ಮತ್ತು ಬೋರಿಸ್ ಡಿಯಾವ್ ಎದ್ದು ಕೆಲವು ಹೆಜ್ಜೆ ಬಂದರು. ತಂಡದ ಸಹಾಯಕರು ಅವರನ್ನು ಹಿಡಿದು ಹಿಂದಕ್ಕೆ ತಂದರು. ಆದರೆ ಗೆರೆ ದಾಟಿಯಾಗಿತ್ತು. ಇಬ್ಬರಿಗೂ ಐದನೇ ಪಂದ್ಯ ಇಲ್ಲ. ಹಾರಿಗೆ ಎರಡು ಪಂದ್ಯಗಳ ಅಮಾನತು. ಐದನೇ ಪಂದ್ಯವನ್ನು ಸನ್ಸ್ 88-85ರಿಂದ ಸೋತು, ಸರಣಿಯನ್ನೂ 4-2ರಲ್ಲಿ ಕಳೆದುಕೊಂಡಿತು.

ಸಡಿಲ ಪಂಥದವರು ಈ ಪಂದ್ಯವನ್ನು ಪದೇ ಪದೇ ಎತ್ತುತ್ತಾರೆ: ನೋಡಿ, ಉದ್ದೇಶ ನೋಡದ ನಿಯಮ ಎಂಥ ಅನ್ಯಾಯ ಮಾಡಿತು ಎಂದು. ನ್ಯಾಶ್ ಅಭಿಮಾನಿಗಳ ಸಂಕಟ ನನಗೂ ಅರ್ಥವಾಗುತ್ತದೆ. ಯಾರ ಮೈಯನ್ನೂ ಮುಟ್ಟದ ಇಬ್ಬರು ತೆತ್ತ ಬೆಲೆ ಜಾಸ್ತಿಯೇ ಆಯಿತು. ಆದರೆ ಅದೇ ಕಥೆಯನ್ನು ಸಹಾಯಕರ ಕಡೆಯಿಂದ ಓದಿ ನೋಡಿ. ಸರಣಿಯನ್ನು ಉಳಿಸಬಲ್ಲವರು ಯಾರಾದರೂ ಇದ್ದಿದ್ದರೆ ಅದು ಕೋರ್ಟಿನ ನಡುವೆ ಹೋಗಿ ಹಾರಿಯನ್ನು ತಡೆಯುವವರಲ್ಲ, ಬೆಂಚಿನ ಮುಂದೆ ಕೈ ಚಾಚಿ ನಿಂತು ಸ್ಟೌಡಮೈರ್ ಎದೆಗೆ ಎದೆ ಕೊಡುವವರು. ಅವರು ತಲುಪಿದ್ದು ಒಂದೆರಡು ಸೆಕೆಂಡು ತಡವಾಗಿ. ಈಗ ಯಾವ ಎನ್‌ಬಿಎ ಪಂದ್ಯ ನೋಡಿದರೂ, ಕೋರ್ಟಿನಲ್ಲಿ ತಳ್ಳಾಟ ಶುರುವಾದ ಕೂಡಲೇ ಸಹಾಯಕರು ಕೋರ್ಟಿಗೆ ಬೆನ್ನು ಕೊಟ್ಟು, ತಮ್ಮ ಆಟಗಾರರ ಕಡೆ ಮುಖ ಮಾಡಿ ಗೋಡೆ ಕಟ್ಟುವುದು ಕಾಣುತ್ತದೆ. ಆ ಅಭ್ಯಾಸ ಕಟ್ಟುನಿಟ್ಟಿನಿಂದ ಬಂದದ್ದು. ಕಂಡೂ ಕಾಣದಂತಿದ್ದ ರೆಫರಿಗಳು ಯಾವ ತಂಡಕ್ಕೂ ಅದನ್ನು ಕಲಿಸಲಿಲ್ಲ.

ಇದಕ್ಕೆ ವಿರುದ್ಧವಾದದ್ದು ಏನೆಂದು ತಿಳಿಯಬೇಕಾದರೆ 2018ರ ಜುಲೈ 2ರಂದು ಫಿಲಿಪೈನ್ಸ್‌ನ ಬುಲಕಾನ್‌ನಲ್ಲಿರುವ ಫಿಲಿಪೈನ್ ಅರೀನಾದಲ್ಲಿ ನಡೆದದ್ದನ್ನು ನೋಡಬೇಕು. ವಿಶ್ವಕಪ್ ಏಷ್ಯಾ ಅರ್ಹತಾ ಪಂದ್ಯ, ಎದುರಾಳಿ ಆಸ್ಟ್ರೇಲಿಯಾ. ಮೂರನೇ ಕ್ವಾರ್ಟರಿನಲ್ಲಿ ಆತಿಥೇಯರ ರೋಜರ್ ಪೊಗೊಯ್ ಆಸ್ಟ್ರೇಲಿಯಾದ ಕ್ರಿಸ್ ಗೌಲ್ಡಿಂಗ್ ಅವರನ್ನು ತಳ್ಳಿದರು, ಡೇನಿಯಲ್ ಕಿಕರ್ಟ್ ಬಂದು ಪೊಗೊಯ್‌ಗೆ ಮೊಣಕೈಯಲ್ಲಿ ಹೊಡೆದರು. ಅಲ್ಲಿಗೆ ಬೆಂಚ್ ಒಡೆಯಿತು. ಆಟಗಾರರು, ಸಿಬ್ಬಂದಿ, ಪ್ರೇಕ್ಷಕರು, ಎಲ್ಲರೂ ಒಳಗೆ. ಕುರ್ಚಿಗಳು ಹಾರಿದವು. ರೆಫರಿಗಳು ಒಟ್ಟು 13 ಆಟಗಾರರನ್ನು ಹೊರಗೆ ಕಳಿಸಿದರು, ಅದರಲ್ಲಿ ಒಂಬತ್ತು ಮಂದಿ ಆತಿಥೇಯರು. ಫಿಲಿಪೈನ್ಸ್‌ಗೆ ಉಳಿದದ್ದು ಮೂವರು. ಮೂವರಿಂದಲೇ ಆಟ ಮುಂದುವರಿಸಿದರು, ಅವರಲ್ಲಿ ಇಬ್ಬರು ಬೇಕೆಂದೇ ಫೌಲು ಮಾಡಿ ಹೊರಹೋದ ಮೇಲೆ ಆಸ್ಟ್ರೇಲಿಯಾ 89-53 ಮುಂದಿರುವಾಗ ಪಂದ್ಯ ಅಲ್ಲಿಗೇ ನಿಂತಿತು.

ಫಿಬಾ ಆಮೇಲೆ ಕೊಟ್ಟ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ಬೇಕಾದ ಎರಡು ಅಂಶಗಳಿವೆ. ಒಂದು, ಫಿಲಿಪೈನ್ಸ್‌ನ ಮುಖ್ಯ ಕೋಚ್ ಚಾಟ್ ರೆಯೆಸ್ ಅವರಿಗೆ ಪ್ರಚೋದನೆಯ ಕಾರಣಕ್ಕೆ ಒಂದು ಪಂದ್ಯದ ಅಮಾನತು ಮತ್ತು 10,000 ಸ್ವಿಸ್ ಫ್ರಾಂಕ್ ದಂಡ ಬಿತ್ತು. ಸಹಾಯಕ ಕೋಚ್ ಜಾಂಗ್ ಉಯ್ಚಿಕೊ ಅವರಿಗೆ ಕ್ರೀಡಾಮನೋಭಾವಕ್ಕೆ ವಿರುದ್ಧವಾದ ನಡವಳಿಕೆಗಾಗಿ ಬಿದ್ದದ್ದು ಮೂರು ಪಂದ್ಯಗಳ ಅಮಾನತು. ಮೊದಲ ಸಹಾಯಕನಿಗೆ ನಿಯಮ ಒಳಬರುವ ಅನುಮತಿ ಕೊಟ್ಟಿರುವುದು ಜಗಳ ನಿಲ್ಲಿಸುವುದಕ್ಕೆ. ಕೋಚಿಂಗ್ ಸಿಬ್ಬಂದಿ ಎಂದಾಕ್ಷಣ ಶಾಂತಿದೂತರು ಎಂದು ನಂಬುವವರಿಗೆ ಈ ಮೂರು ಪಂದ್ಯಗಳು ಸಾಕಷ್ಟು ಉತ್ತರ. ಎರಡನೆಯದು ರೆಫರಿಗಳು ನೆನಪಿಡಬೇಕಾದದ್ದು: ಆ ಪಂದ್ಯದ ರೆಫರಿಗಳನ್ನು ಫಿಬಾ ತನ್ನ ಎಲೀಟ್ ಕಾರ್ಯಕ್ರಮದಿಂದ ತೆಗೆದುಹಾಕಿತು, ಒಂದು ವರ್ಷ ಯಾವ ಫಿಬಾ ಟೂರ್ನಿಗೂ ನೇಮಿಸಲಿಲ್ಲ. ಫಿಲಿಪೈನ್ಸ್ ಫೆಡರೇಷನ್‌ಗೆ 2,50,000 ಫ್ರಾಂಕ್, ಆಸ್ಟ್ರೇಲಿಯಾಕ್ಕೆ 1,00,000 ಫ್ರಾಂಕ್ ದಂಡ. ಕೈಮೀರಿದ ಮೇಲೆ ಯಾರೂ ರೆಫರಿಯನ್ನು ‘ಒಳ್ಳೇ ಮ್ಯಾನೇಜರ್’ ಎಂದು ನೆನೆಯುವುದಿಲ್ಲ.

ಸಹಾಯಕರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವನಾಗಿದ್ದರೂ ಆತ ತಟಸ್ಥನಲ್ಲ, ಅಷ್ಟೇ. ಎದುರು ತಂಡದ ಹುಡುಗನ ತೋಳು ಹಿಡಿದು ಎಳೆದರೆ ಆ ಹುಡುಗನಿಗೆ ತಿಳಿಯುವುದು ವೈರಿಯ ಕೈ ಮೈಮೇಲೆ ಬಿತ್ತು ಎಂದು, ಇವರು ಬಿಡಿಸುತ್ತಿದ್ದಾರೆ ಎಂದಲ್ಲ. 2022ರ ಫೆಬ್ರವರಿ 20ರಂದು ಅಮೆರಿಕದ ಕಾಲೇಜು ಪಂದ್ಯವೊಂದರಲ್ಲಿ ವಿಸ್ಕಾನ್ಸಿನ್ ತಂಡ ಮಿಷಿಗನ್ ವಿರುದ್ಧ ಗೆದ್ದ ಮೇಲೆ ಕೈಕುಲುಕುವ ಸಾಲಿನಲ್ಲಿ ನಡೆದದ್ದೂ ಇದೇ ಜಾತಿಯದು. ಕೊನೆಗಳಿಗೆಯ ಟೈಮ್‌ಔಟ್ ಬಗ್ಗೆ ಇಬ್ಬರು ಮುಖ್ಯ ಕೋಚುಗಳ ನಡುವೆ ಮಾತು ಬೆಳೆಯಿತು, ಸುತ್ತ ಜನ ಸೇರಿದರು, ಮಿಷಿಗನ್ ಕೋಚ್ ಜುವಾನ್ ಹೊವಾರ್ಡ್ ಬೀಸಿದ ಕೈ ತಗುಲಿದ್ದು ವಿಸ್ಕಾನ್ಸಿನ್‌ನ ಸಹಾಯಕ ಕೋಚ್ ಜೋ ಕ್ರಾಬೆನ್‌ಹಾಫ್ಟ್ ತಲೆಗೆ. ಹೊವಾರ್ಡ್‌ಗೆ ಐದು ಪಂದ್ಯಗಳ ಅಮಾನತು, 40,000 ಡಾಲರ್ ದಂಡ. ತಪ್ಪು ಕೈ ಬೀಸಿದವರದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇಬ್ಬರ ಜಗಳ ಗುಂಪಿನ ಜಗಳವಾಗಲು ಎಷ್ಟು ಕಡಿಮೆ ಜನ ಸಾಕು ಎಂಬುದೂ ಅಲ್ಲಿ ಕಂಡಿತು.

ಒಂದು ಆಕ್ಷೇಪ ಮಾತ್ರ ಗಂಭೀರವಾದದ್ದು. ಕಣ್ಣೆದುರಲ್ಲಿ ಹದಿನೈದು ವರ್ಷದ ಹುಡುಗಿ ಒದೆ ತಿನ್ನುತ್ತಿದ್ದಾಳೆ, ರೆಫರಿಗಳು ದೂರ ಇದ್ದಾರೆ, ಸಹಾಯಕ ಕೋಚ್ ಕೂತೇ ಇರಬೇಕೇ? ಬೇಡ. ಹೋಗಲಿ, ಹೋಗಿ ಬಿಡಿಸಲಿ. ಹೋದದ್ದಕ್ಕೆ ನಿಯಮ ಹೇಳಿದ ಬೆಲೆಯನ್ನೂ ಕೊಡಲಿ. ಮಗುವಿನ ತಲೆ ಉಳಿಸಿದವನಿಗೆ ಉಳಿದ ಆಟವನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಕಳೆಯುವುದು ಭಾರವಾಗಬಾರದು. ಕೈ ಮಾಡದೆ ಬರೀ ಬೆಂಚ್ ಬಿಟ್ಟವರು ಎಷ್ಟು ಜನ ಇದ್ದರೂ ಮುಖ್ಯ ಕೋಚ್ ಹೆಸರಿಗೆ ಫಿಬಾ ಬರೆಸುವುದು ಒಂದೇ ‘ಬಿ’. ನಿಜವಾದ ತುರ್ತಿನಲ್ಲಿ ಯಾವ ಸಹಾಯಕನೂ ಈ ಲೆಕ್ಕ ಹಾಕಿ ನಿಲ್ಲುವುದಿಲ್ಲ. ಲೆಕ್ಕ ಹಾಕಿ ನಿಲ್ಲುವವನು ಯಾವನೆಂದರೆ, ನೂಕುನುಗ್ಗಲಿನಲ್ಲಿ ಒಂದು ಮಾತು ಆಡಿ ಬರೋಣ, ಒಂದು ಭುಜ ತಾಗಿಸಿ ಬರೋಣ ಎಂದುಕೊಂಡವನು. ಅವನು ನಿಲ್ಲಲೆಂದೇ ನಿಯಮ ಇರುವುದು. ಅದೇ ಶಿಕ್ಷೆ ಇಬ್ಬರಿಗೂ ಯಾಕೆ ಎಂದರೆ, ಆ ಹತ್ತು ಸೆಕೆಂಡಿನಲ್ಲಿ ಇಬ್ಬರ ಮನಸ್ಸನ್ನು ಬೇರ್ಪಡಿಸಿ ಓದುವ ಶಕ್ತಿ ಯಾವ ರೆಫರಿಗೂ ಇಲ್ಲ. ಇದೆ ಎಂದುಕೊಂಡವರು ಓದುವುದು ಮನಸ್ಸನ್ನಲ್ಲ, ಮುಖಪರಿಚಯವನ್ನು.

ನಮ್ಮ ಕಡೆ ಈ ಮುಖಪರಿಚಯದ್ದೇ ಕಾಟ. ಬೆಂಗಳೂರು, ಮಂಡ್ಯ, ಮೈಸೂರು, ಎಲ್ಲಿ ನೋಡಿದರೂ ಬ್ಯಾಸ್ಕೆಟ್‌ಬಾಲ್ ಲೋಕ ಚಿಕ್ಕದು. ಇವತ್ತು ಸೀಟಿ ಹಿಡಿದವನಿಗೆ ನಿನ್ನೆ ಲೇ-ಅಪ್ ಕಲಿಸಿದವರು ಇವತ್ತು ಬೆಂಚಿನಲ್ಲಿ ಸಹಾಯಕರಾಗಿ ಕೂತಿರುತ್ತಾರೆ. ರಾಜ್ಯಕ್ಕೆ ಆಡಿದವರು, ಹಿರಿಯರು, ‘ಸರ್’. ಅವರು ಎದ್ದು ಗೆರೆ ದಾಟಿ ಬಂದು ಹೆಗಲ ಮೇಲೆ ಕೈಯಿಟ್ಟು ‘ಏನಪ್ಪಾ, ಅದು ಫೌಲೇ?’ ಎಂದರೆ, ಹುಡುಗ ರೆಫರಿ ಟೆಕ್ನಿಕಲ್ ಕೊಡುವುದಿರಲಿ, ತಲೆ ಎತ್ತಿ ನೋಡುವುದೂ ಕಷ್ಟ. ಅದೇ ಕೆಲಸವನ್ನು ತಾಲ್ಲೂಕು ಶಾಲೆಯೊಂದರಿಂದ ಮೊದಲ ಸಲ ತಂಡ ಕಟ್ಟಿಕೊಂಡು ಬಂದ ದೈಹಿಕ ಶಿಕ್ಷಕರು ಮಾಡಿದರೆ ಸೀಟಿ ತಕ್ಷಣ ಊದುತ್ತದೆ. ಉದಾರತೆಯ ಬಗ್ಗೆ ಭಾಷಣ ಮಾಡುವವರು ಒಮ್ಮೆ ಎರಡು ದಿನದ ಟೂರ್ನಿಯ ಸ್ಕೋರ್‌ಶೀಟುಗಳನ್ನು ತೆಗೆದು, ‘ಬಿ’ ಯಾರ ಹೆಸರಿಗೆ ಬಿದ್ದಿದೆ, ಯಾರ ಹೆಸರಿಗೆ ಬಿದ್ದಿಲ್ಲ ಎಂದು ನೋಡಲಿ. 2017ರಲ್ಲಿ ಮಹಿಳಾ ಏಷ್ಯಾ ಕಪ್ ನಡೆಸಿದ ಊರು ನಮ್ಮ ಬೆಂಗಳೂರು. ಫಿಬಾ ಗುಣಮಟ್ಟ ಎಂದರೆ ನೆಲಹಾಸು, ರಿಂಗು, ಗಡಿಯಾರ ಅಷ್ಟೇ ಅಲ್ಲವಲ್ಲ.

ಮುಖ್ಯ ಕೋಚ್ ತನ್ನದಲ್ಲದ ತಪ್ಪಿಗೆ ಯಾಕೆ ಹೆಸರು ಕೆಡಿಸಿಕೊಳ್ಳಬೇಕು ಎಂಬ ಕೊರಗಿಗೆ ಹೆಚ್ಚು ಮಾತು ಬೇಡ. ಸಹಾಯಕನನ್ನು ಆರಿಸಿ ಬೆಂಚಿನಲ್ಲಿ ಕೂರಿಸಿದವರು ಅವರೇ.

ಇನ್ನು ರೆಫರಿಗಳು ಮಾಡಬೇಕಾದದ್ದು. ಪಂದ್ಯಕ್ಕೆ ಹತ್ತು ನಿಮಿಷ ಮುಂಚೆ ಮುಖ್ಯ ಕೋಚ್ ಸ್ಕೋರ್‌ಶೀಟಿಗೆ ಸಹಿ ಹಾಕಲು ಟೇಬಲ್ ಹತ್ತಿರ ಬಂದೇ ಬರುತ್ತಾರೆ. ಮೊದಲ ಸಹಾಯಕ ಯಾರು ಎಂದು ಆಗಲೇ ಕೇಳಿ, ಮುಖ ನೋಡಿಟ್ಟುಕೊಳ್ಳಬೇಕು. ಜಗಳವಾದರೆ ಇವರೊಬ್ಬರೇ ನಿಮ್ಮ ಜೊತೆ ಒಳಬರಬೇಕು, ಉಳಿದವರು ಹುಡುಗರನ್ನು ಹಿಡಿದುಕೊಳ್ಳಲಿ ಎಂದು ಎರಡೂ ಬೆಂಚಿಗೆ ಒಂದೇ ಧಾಟಿಯಲ್ಲಿ ಹೇಳಬೇಕು. ಅಲ್ಲಿ ಕೂತವರು ನಿಮ್ಮ ಗುರುಗಳೇ ಆಗಿದ್ದರೆ ನಮಸ್ಕಾರ ಮಾಡಿ ಹೇಳಿ, ಅಡ್ಡಿಯಿಲ್ಲ. ಮೊದಲ ಸಲ ಇಬ್ಬರು ಒಟ್ಟಿಗೆ ನಿಂತರೆ ಚೆಂಡು ಡೆಡ್ ಆದಾಗ ಎಚ್ಚರಿಸಿ, ಜೊತೆಗಾರ ರೆಫರಿಗೂ ಟೇಬಲ್‌ಗೂ ಕೇಳುವಂತೆ ಹೇಳಿ. ಎರಡನೇ ಸಲ ನಿಂತರೆ ಸೀಟಿ ಊದಿ, ‘ಬಿ’ ಬರೆಸಿ, ಎದುರು ತಂಡಕ್ಕೆ ಒಂದು ಫ್ರೀ ಥ್ರೋ ಕೊಟ್ಟು, ನಿಂತಲ್ಲಿಂದ ಆಟ ಶುರುಮಾಡಿ.